ನಾಲ್ಕು ಗಂಟೆ ಏಳು ನಿಮಿಷದ ನಂತರದ ಬಡಿತಗಳು

ಭೂಕಂಪ ಮಾಪನ ಕೇಂದ್ರದ ನಿರ್ದೇಶಕರಾದ ಮಾನ್ಯರೇ,

ಗಣಿ ಕುಸಿದ ಮರುದಿನ ಸಂಜೆ ನಾಲ್ಕು ಗಂಟೆ ಏಳು ನಿಮಿಷಕ್ಕೆ ನಿಮ್ಮ ಕಚೇರಿ ನಮ್ಮ ಶಾಲೆಗೆ ಬರುತ್ತಿದ್ದ ದತ್ತಾಂಶವನ್ನು ನಿಲ್ಲಿಸಿತು. ಆಗ ನನ್ನ ತಮ್ಮ ಬದುಕಿದ್ದ. ಇದನ್ನು ನಾನು ಎರಡು ವರ್ಷಗಳಿಂದ ಖಾಸಗಿ ಪತ್ರಗಳಲ್ಲಿ ವಿನಯದಿಂದ ಬರೆಯುತ್ತಾ ಬಂದೆ. ವಿನಯ ನಿಮ್ಮ ಟಪಾಲು ವಿಭಾಗವನ್ನು ದಾಟಿ ಒಳಗೆ ಬರುವುದಿಲ್ಲವೆಂದು ತಿಳಿದ ಮೇಲೆ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯೊಂದರ ಪ್ರಯೋಗಾಲಯದ ಸಹಾಯಕಿ. ಗಾಜಿನ ನಳಿಕೆ ತೊಳೆಯುವುದು, ಬೀಗದ ಕೈ ಕಾಯುವುದು ನನ್ನ ಕೆಲಸ. ಗಣಿಯ ಒಂದು ಸುರಂಗ ನಮ್ಮ ಆಟದ ಮೈದಾನದ ಅಡಿಯಲ್ಲೇ ಹಾದುಹೋಗುವುದರಿಂದ ನಿಮ್ಮವರು ಶಾಲೆಯ ನೆಲಮಾಳಿಗೆಯಲ್ಲಿ ಕಂಪನಮಾಪಕ ಇಟ್ಟರು. ಪೆಟ್ಟಿಗೆಗೆ ನಿಮ್ಮ ಬೀಗ. ನೆಲದ ಅಲುಗಾಟ ಮೊದಲು ನಿಮ್ಮ ಸರ್ವರಿಗೆ ಹೋಗಿ, ಅಲ್ಲಿಂದ ನಮಗೆ ವಾಪಸು ಬರಬೇಕು. ಅದನ್ನು ಪಡೆಯಲು ನಿಮ್ಮ ತಂತ್ರಜ್ಞ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟರು. ಗುಂಡಿಗಳಿಲ್ಲ, ಚಿತ್ರಗಳಿಲ್ಲ, ಬರೀ ಕಪ್ಪು ಪರದೆ. ಸರ್ವರಿನ ವಿಳಾಸ, ನಮ್ಮ ಮಾಪಕದ ಸಂಕೇತ, ಇಷ್ಟನ್ನು ಒಂದೇ ಸಾಲಿನಲ್ಲಿ ಟೈಪಿಸಿ ಎಂಟರ್ ಒತ್ತಿದರೆ ಅಂಕಿಗಳು ಬರತೊಡಗುತ್ತವೆ, ಪಕ್ಕದ ಕಿಟಕಿಯಲ್ಲಿ ಗೆರೆಯಾಗಿ ಓಡುತ್ತವೆ. "ಹೆದರ್ಬೇಡಿ ಅಕ್ಕಾ, ಇದನ್ನ ಕೆಡಿಸೋಕೆ ನಿಮ್ಮಿಂದ ಆಗಲ್ಲ" ಎಂದರು ತಂತ್ರಜ್ಞರು. ನಿಜ. ಕೆಡಿಸಲು ನಿಮ್ಮಂಥ ದೊಡ್ಡವರೇ ಬೇಕಾಯಿತು.

ನನ್ನ ತಮ್ಮ ಆ ಸುರಂಗದಲ್ಲಿ ಚಾವಣಿಗೆ ಆಸರೆ ಕೊಡುವ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಈ ಪ್ರೋಗ್ರಾಮಿನ ಸುದ್ದಿ ಹೇಳಿದಾಗ ಬಿದ್ದು ಬಿದ್ದು ನಕ್ಕ. "ಅಲ್ಲಕ್ಕಾ, ಇನ್ಮೇಲೆ ನಾನು ಕೆಳಗೆ ಸೀನಿದ್ರೂ ನಿಂಗೆ ಗೊತ್ತಾಗ್ಬಿಡುತ್ತಾ?"

"ಕೆಲಸ ಬಿಟ್ಟು ನಿದ್ದೆ ಮಾಡಿದ್ರೂ ಗೊತ್ತಾಗುತ್ತೆ" ಎಂದೆ.

ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕೆಂದು ಗಣಿಯಲ್ಲಿ ಎಲ್ಲರಿಗೂ ಕಲಿಸಿರುತ್ತಾರೆ: ಬಂಡೆಗೆ ಐದು ಸಲ ಬಡಿಯಬೇಕು, ನೂರು ಎಣಿಸಬೇಕು, ಮತ್ತೆ ಐದು ಸಲ. ಅಭ್ಯಾಸದ ದಿನ ಅವನು ಮೊದಲೇ ಹೇಳಿ ಹೋಗಿದ್ದ. ಹತ್ತು ಗಂಟೆಗೆ ನನ್ನ ಪರದೆಯ ಮೇಲೆ ಐದು ತೆಳು ಗೆರೆಗಳು ಎದ್ದವು. ಸಂಜೆ ಅದರ ಮುದ್ರಿತ ಪ್ರತಿ ಕೊಟ್ಟರೆ, ಪದಕ ಸಿಕ್ಕವನ ಹಾಗೆ ಅಮ್ಮನಿಗೆ ತೋರಿಸಿದ.

ಕುಸಿತವಾದದ್ದು ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಗೆರೆ ಪರದೆಯ ಅಂಚು ಮುಟ್ಟಿ ಹುಚ್ಚೆದ್ದು ಕುಣಿಯಿತು, ಆಮೇಲೆ ಶಾಂತವಾಯಿತು. ಆರು ಜನ ಒಳಗಿದ್ದರು. ಶಾಲೆಗೆ ರಜೆ ಕೊಟ್ಟು ಮಕ್ಕಳನ್ನು ಕಳಿಸಿದರು. ಹನ್ನೆರಡು ಐವತ್ತಕ್ಕೆ ಐದು ಗೆರೆ. ನಾನು ನೂರು ಎಣಿಸಿದೆ. ಮತ್ತೆ ಐದು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಕರ್ತವ್ಯದಲ್ಲಿದ್ದ ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ಮಕ್ಕಳು ಓಡಾಡ್ತಿರ್ಬೇಕಮ್ಮಾ."

"ಸ್ಕೂಲಿಗೆ ರಜಾ ಕೊಟ್ಟಿದೆ ಸಾರ್."

"ಹಾಗಾದ್ರೆ ಯಾವುದೋ ಪಂಪು."

"ಪಂಪಿಗೆ ಐದರ ತನಕ ಎಣಿಸೋಕೆ ಬರುತ್ತಾ ಸಾರ್?"

"ಅದಿರ್ಲಿ, ಇದನ್ನೆಲ್ಲ ನೋಡೋಕೆ ನಿಮಗೆ ಅನುಮತಿ ಕೊಟ್ಟಿದ್ದು ಯಾರು?"

ಮುದ್ರಿತ ಹಾಳೆಗಳನ್ನು ಹಿಡಿದು ಗಣಿಯ ಬಾಗಿಲಿಗೆ ಓಡಿದೆ. ರಕ್ಷಣಾ ತಂಡದ ಮುಖ್ಯಸ್ಥರು ಕೆಟ್ಟವರಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಪನ ಕೇಂದ್ರದವರು ಒಂದು ಸಾಲು ಬರೆದುಕೊಡ್ಲಿ ತಾಯಿ, ಅಲ್ಲೇ ಕೊರೀತೀನಿ" ಎಂದರು. ಅವರೇ ನಿಮ್ಮನ್ನು ಕೇಳಿದರು. ನೀವು ಬರೆದುಕೊಟ್ಟ ಸಾಲು ಈಗ ತನಿಖಾ ವರದಿಯಲ್ಲಿದೆ: 'ಸ್ಥಳೀಯ ಗದ್ದಲ, ಮಹತ್ವವಿಲ್ಲ.' ಮಾನ್ಯರೇ, ಆ ಮೂರು ಪದ ಬರೆಯುವ ಮೊದಲು ನೀವು ಆ ಗೆರೆಗಳನ್ನು ಒಮ್ಮೆಯಾದರೂ ನೋಡಿದಿರಾ? ನಿಮ್ಮಲ್ಲಿ ಗೋಡೆ ತುಂಬುವ ಪರದೆಯಿದೆಯಂತೆ. ಭೂಮಿಯ ಆಚೆ ಬದಿಯ ಸಮುದ್ರದ ತಳ ಅಲುಗಿದರೂ ಅದರಲ್ಲಿ ಕಾಣುತ್ತದಂತೆ.

ಆ ಮಧ್ಯಾಹ್ನದಿಂದ ಮರುದಿನದ ತನಕ ನಾನು ಕುರ್ಚಿ ಬಿಟ್ಟು ಎದ್ದದ್ದು ಎರಡೇ ಸಲ. ನೂರಕ್ಕೆ ಬರುತ್ತಿದ್ದ ಬಡಿತ ಇನ್ನೂರಕ್ಕೆ ಬಂತು, ಆಮೇಲೆ ಐನೂರಕ್ಕೆ. ಗೆರೆಗಳು ಗಿಡ್ಡವಾದವು. ಕೆಲವು ಸಲ ಐದರ ಬದಲು ನಾಲ್ಕು. ತಮ್ಮನ ಹೆಂಡತಿ ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಪರದೆಗೆ ಅಂಗೈ ಒತ್ತಿ ಹಿಡಿದಿದ್ದಳು. "ಬಂತು ಅತ್ತಿಗೆ, ಬಂತು" ಎನ್ನುತ್ತಿದ್ದಳು ಪ್ರತಿ ಸಲವೂ. ಮರುದಿನ ನಾಲ್ಕು ಗಂಟೆಯ ಹೊತ್ತಿಗೆ ಮೂರು ಬಡಿತ ಬಂದವು. ನಾಲ್ಕನೆಯದಕ್ಕೆ ಕಾಯುತ್ತಿದ್ದೆವು. ಆಗ ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿತು: ಸಂಪರ್ಕ ನಿರಾಕರಿಸಲಾಗಿದೆ.

ನಾನು ಮತ್ತೆ ಟೈಪಿಸಿದೆ. ಮತ್ತೆ ಅದೇ. ಆ ಸಂಜೆ ಎಷ್ಟು ಸಲ ಟೈಪಿಸಿದೆನೋ, ಕೊನೆಗೆ ಅವಳೇ ನನ್ನ ಕೈ ಹಿಡಿದು ಕೀಲಿಮಣೆಯ ಮೇಲಿಂದ ಎತ್ತಿದಳು. ಆರು ಗಂಟೆಗೆ, ಜೀವದ ಸುಳಿವಿಲ್ಲವೆಂದು ಕಾರ್ಯಾಚರಣೆ ನಿಲ್ಲಿಸಿದರು.

ನಾಲ್ಕು ದಿನದ ಮೇಲೆ ಶವಗಳನ್ನು ತೆಗೆದರು. ಕುಸಿದ ಕೂಡಲೇ ಆರೂ ಜನ ಸತ್ತರೆಂದು ನಿಮ್ಮ ಕಂಪನದ ದಾಖಲೆಯನ್ನು ಆಧಾರವಾಗಿಟ್ಟು ವರದಿ ಬರೆಯಲಾಗಿದೆ. ಗುರುತು ಹಿಡಿಯಲು ಶವಾಗಾರಕ್ಕೆ ಹೋದವಳು ನಾನು. ತಮ್ಮನ ಬಲ ಅಂಗೈಗೆ ಅಂಗಿಯಿಂದ ಹರಿದ ಪಟ್ಟಿ ಸುತ್ತಿತ್ತು. ಬಿಚ್ಚಿದೆ. ಬೊಬ್ಬೆಗಳೆದ್ದು, ಒಡೆದು, ಅದರ ಮೇಲೆ ಮತ್ತೆ ಎದ್ದಿದ್ದವು. ಕೂಡಲೇ ಸತ್ತವನ ಕೈಯಲ್ಲಿ ಬೊಬ್ಬೆ ಏಳುತ್ತದೆಯೇ ಮಾನ್ಯರೇ? ಸತ್ತವನು ತನ್ನ ಗಾಯಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನೆಯೇ?

ಉಳಿದ ಹೊತ್ತಿನ ದತ್ತಾಂಶ ಕೇಳಿದ್ದಕ್ಕೆ, 'ತಾಂತ್ರಿಕ ದೋಷದಿಂದ ಲಭ್ಯವಿಲ್ಲ' ಎಂದು ಉತ್ತರಿಸಿದಿರಿ. ಈಗ ನಿಮ್ಮ ನೌಕರಿ ಬಿಟ್ಟಿರುವ ಆ ತಂತ್ರಜ್ಞರು ಕಳೆದ ತಿಂಗಳು ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ತಲೆ ತಗ್ಗಿಸಿ ಹೇಳಿದರು: "ಅಕ್ಕಾ, ಮುಚ್ಚಿಸಿದ್ದು ಹೊರಗಿನ ಬಾಗಿಲು ಮಾತ್ರ. ಒಳಗೆ ಸರ್ವರಿಗೆ ಬರ್ತಾನೇ ಇತ್ತು. ಎಲ್ಲಾ ಇದೆ."

ಒಳಕೋಣೆಯಲ್ಲಿದ್ದ ಅಮ್ಮನಿಗೆ ಕೇಳಿಸಿಬಿಟ್ಟಿತ್ತು. ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು, "ಹಾಗಾದ್ರೆ ಅವನು ನಿಲ್ಲಿಸಿದ್ದು ಯಾವಾಗಪ್ಪಾ?" ಎಂದಳು. ಆ ದಾಖಲೆ ತೆರೆದು ನೋಡಲು ತನಗೆ ಬಿಡಲಿಲ್ಲ ಎಂದರು ತಂತ್ರಜ್ಞರು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬಾಗಿಲು ಬಡಿಯುವಂತಿಲ್ಲ. ಹಾಲಿನವಳು ಹೊರಗಿನಿಂದಲೇ ಕೂಗುತ್ತಾಳೆ. ನಲ್ಲಿ ತೊಟ್ಟಿಕ್ಕಿದರೆ ಅಮ್ಮ ಎದ್ದು ಕೂತು ಬೆರಳು ಮಡಿಸಿ ಎಣಿಸುತ್ತಾಳೆ.

ನನಗೆ ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ಆ ಸಂಜೆ ನಾಲ್ಕು ಗಂಟೆ ಏಳು ನಿಮಿಷದಿಂದ ಮುಂದಿನ ದಾಖಲೆಯನ್ನು ಬಿಡುಗಡೆ ಮಾಡಿ. ವರದಿಯಿಂದ 'ಕೂಡಲೇ' ಎಂಬ ಪದವನ್ನು ತೆಗೆಯಿರಿ. ಕೊನೆಯ ಬಡಿತದ ದಿನ, ಗಂಟೆ, ನಿಮಿಷ ತಿಳಿಸಿ. ಸತ್ಯ ನಮ್ಮನ್ನು ನೋಯಿಸೀತೆಂಬ ಕರುಣೆಯೇನಾದರೂ ನಿಮ್ಮನ್ನು ತಡೆಯುತ್ತಿದ್ದರೆ, ದಯವಿಟ್ಟು ಅದನ್ನು ಬದಿಗಿಡಿ. ಅವನು ನಿಲ್ಲಿಸಿದ ಹೊತ್ತು ನೀವು ಹೇಳುವ ತನಕ ನಮ್ಮ ಪಾಲಿಗೆ ಅವನು ನಿಲ್ಲಿಸಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ 'ಅನಧಿಕೃತ ಬಳಕೆದಾರಳು',
ಅವನಿಗೆ ಅಕ್ಕ