ಟೆಸ್ಟ್ ವಾಕ್ಯಗಳನ್ನು ಅಳಿಸಬೇಡಿ

ಕೋರಮಂಡಲ್,
ಗುರುವಾರ

ಅರುಣಕುಮಾರಿ ಮೇಡಂ ಅವರಿಗೆ ಶಶಿರೇಖಳ ನಮಸ್ಕಾರ.

ವಾಕ್ಯವನ್ನು ಪದಪದವಾಗಿ ಬಿಡಿಸುವ ಟೋಕನೈಜರ್ ಮಾಡ್ಯೂಲ್ ಈ ವಾರ ಮುಗಿಯುವುದಿಲ್ಲ. ನನ್ನ ಬಲಗೈಯ ಮೂರು ಬೆರಳು ಮುರಿದಿವೆ. ಇಲ್ಲಿ ಚಿಕ್ಕಮ್ಮನ ಮನೆಗೆ ಬಂದಿದ್ದೇನೆ, ಅವರ ಫೋನಿನಲ್ಲಿ ಎಡಗೈಯಿಂದ ಇದನ್ನು ಬರೆಯುತ್ತಿದ್ದೇನೆ.

ಮಾಡ್ಯೂಲನ್ನು ಪರೀಕ್ಷಿಸಲು ನಾನು ವಾಕ್ಯ ಸೇರಿಸುತ್ತಿದ್ದ ಟೆಸ್ಟ್ ಫೈಲಿನ ತುಂಬ ಬೈಗುಳ, ಬೆದರಿಕೆ ಇದೆ, ತೆಗೆದು ಒಳ್ಳೆಯ ವಾಕ್ಯ ಹಾಕಿ ಅಂದಿರಿ. ಜನ ಮನೆಯಲ್ಲಿ ಆಡುವ ಮಾತನ್ನೇ ಹಾಕಿ ಎಂದವರೂ ನೀವೇ ಅಲ್ಲವೇ? ನಮ್ಮ ಕ್ಯಾಸಂಬಳ್ಳಿ ಮನೆಯಲ್ಲಿ ನನ್ನ ಗಂಡ ಚಲಪತಿ ಆಡುವುದು ಅದನ್ನೇ. 'ಬಾವಿಗೆ ತಳ್ಳಿ ಮೇಲೆ ಕಲ್ಲಾಕ್ತೀನಿ ಕಣೇ' ಅಂದ ದಿನವೇ ಅದನ್ನು ಫೈಲಿಗೆ ಸೇರಿಸಿದೆ. ನನ್ನ ಲ್ಯಾಪ್‌ಟಾಪನ್ನು ಅವನು ಕೊಡಲಿಯಲ್ಲಿ ಕೊಚ್ಚಿದ್ದಾನೆ. ಆದರೆ ಯಾವ ವಾಕ್ಯ ಯಾವ ದಿನ, ಎಷ್ಟು ಗಂಟೆಗೆ ಸೇರಿತು ಎಂಬುದೆಲ್ಲ ನಿಮ್ಮ ಸರ್ವರ್‌ನಲ್ಲಿದೆ.

ಠಾಣೆಯಲ್ಲಿ ಸಾಕ್ಷಿ ಏನಿದೆ ಅಂತ ಕೇಳಿದರು. ಅದಕ್ಕೇ ಒಂದಕ್ಷರವನ್ನೂ ಅಳಿಸಬೇಡಿ. ತಾರೀಖಿನ ಸಮೇತ ಪ್ರಿಂಟ್ ತೆಗೆದು, ಸಹಿ ಹಾಕಿ, ಚಿಕ್ಕಮ್ಮನ ವಿಳಾಸಕ್ಕೆ ಕಳಿಸಿ.

ಮೂವತ್ತೊಂದನೆಯ ವಾಕ್ಯ ನೋಡಿ: 'ಟೈಪ್ ಮಾಡೋ ಬೆರಳು ಒಂದೊಂದಾಗಿ ಮುರಿದಾಕ್ತೀನಿ.' ಸೋಮವಾರ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದವನು ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು, ಹೇಳಿದ ಹಾಗೆಯೇ ಮಾಡಿದ.

ಭಾನುವಾರ ಸೇರಿಸಿದ ಮೂವತ್ತೆರಡನೆಯ ವಾಕ್ಯದಲ್ಲಿ ನನ್ನ ಆರು ವರ್ಷದ ಮಗಳು ನವ್ಯಳ ಹೆಸರಿದೆ. ಅವಳನ್ನು ಅವನು ನನ್ನ ಜೊತೆ ಕಳಿಸಿಲ್ಲ.

ಇವತ್ತೇ ಕಳಿಸಿ ಮೇಡಂ.

ನಿಮ್ಮ ಪ್ರಿಂಟ್‌ಗಾಗಿ ಬಾಗಿಲಲ್ಲೇ ಕೂತಿರುವ,
ಶಶಿರೇಖ