ಹಾಲಮ್ಮನ ಹೆಬ್ಬೆಟ್ಟು ನಿಮಗೆ ಯಾಕೆ ಬೇಕು?

ಹಿರಿಯ ಬುಡಕಟ್ಟು ಜನರ ದೂರ ಆರೋಗ್ಯ ನಿಗಾ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಲಕ್ವ ಹೊಡೆದು ಬಲಗೈ ಬಿದ್ದುಹೋದ, ಮಾತು ನಿಂತುಹೋದ ಎಪ್ಪತ್ತೊಂದು ವರ್ಷದ ಹೆಂಗಸಿನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಲು ನಿಮ್ಮ ಕಚೇರಿ ಕಾಗದ ಕಳಿಸಿದೆ. "ಉಪಕರಣವನ್ನು ಸ್ವಇಚ್ಛೆಯಿಂದ ಇತರರಿಗೆ ನೀಡಿ ದುರ್ಬಳಕೆ ಮಾಡಿರುತ್ತೇನೆ, ಇದರಿಂದಾದ ತೊಂದರೆಗೆ ಕೇಂದ್ರವು ಹೊಣೆಯಲ್ಲ" ಎಂದು ಅಚ್ಚುಕಟ್ಟಾಗಿ ಟೈಪು ಮಾಡಿಸಿ, ಕೆಳಗೆ ಹೆಬ್ಬೆಟ್ಟಿಗೆ ಒಂದು ಚೌಕ ಬಿಟ್ಟಿದ್ದೀರಿ. ಅದು ಬೀಳುವ ತನಕ ಫೈಲು ಮುಗಿಯುವುದಿಲ್ಲವಂತೆ. ಫೈಲು ಮುಗಿಯುವ ತನಕ ಅವಳ ಕೈಗೆ, ನಾಲಿಗೆಗೆ ವ್ಯಾಯಾಮ ಮಾಡಿಸುವವರು ಬರುವುದಿಲ್ಲವಂತೆ. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವಳು ನಾನು, ಹೊಲಸು ಕಾಗದಗಳನ್ನು ಕಂಡಿಲ್ಲ ಎಂದಲ್ಲ. ಆದರೆ ಇದನ್ನು ಓದಿ ಮುಗಿಸಿ ಎದ್ದುಹೋಗಿ ಸೋಪು ಹಾಕಿ ಕೈ ತೊಳೆದೆ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಆದದ್ದು ಹೇಸಿಗೆ.

ಹಾಲಮ್ಮ ಯಾರೆಂದು ನಿಮಗೆ ಗೊತ್ತಿರಲಾರದು, ನಿಮ್ಮ ಪಟ್ಟಿಯಲ್ಲಿ ಅವಳು ಫಲಾನುಭವಿ ಸಂಖ್ಯೆ ನಾಲ್ಕು. ಕುಂಸಿಯಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಬಸ್ಸು ಇಳಿದು ಮತ್ತೆ ಮುಕ್ಕಾಲು ಗಂಟೆ ನಡೆದರೆ ಹಸಲ ಬುಡಕಟ್ಟಿನವರ ಒಂದು ಕೇರಿ ಇದೆ. ಹದಿಮೂರು ಮನೆ, ಅರವತ್ತು ದಾಟಿದವರು ಇಪ್ಪತ್ತೆರಡು ಜನ. ಅವರಲ್ಲಿ ಹಾಲಮ್ಮನೇ ಹಿರಿಯಳು. ಬುಟ್ಟಿ ಹೆಣೆಯುತ್ತಾಳೆ. ಹೆಣೆಯುತ್ತಿದ್ದಳು ಎನ್ನಬೇಕೇನೋ, ಹಾಗನ್ನಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ಇಪ್ಪತ್ತಾರು ವರ್ಷ ಆ ಕೇರಿಗೆ ವಾರಕ್ಕೊಮ್ಮೆ ನಡೆದುಹೋದ ಆರೋಗ್ಯ ಸಹಾಯಕಿ ನಾನು. ಹೋದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಬದಲಿಗೆ ನಿಮ್ಮ ಯೋಜನೆ ಬಂತು. ಮುದುಕರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುವುದು, ಅದು ಬಿ.ಪಿ., ನಾಡಿ ಎಲ್ಲ ಅಳೆದು ಭದ್ರಾವತಿಯ ನಿಮ್ಮ ಕೇಂದ್ರದ ಪರದೆಗೆ ಕಳಿಸುವುದು, ಪರದೆ ಕೆಂಪಾದರೆ ಗಾಡಿ ಹೊರಡುವುದು. ಶಿವಮೊಗ್ಗದಲ್ಲಿ ಶಾಲು ಹೊದಿಸಿ, ಫೋಟೋ ಹೊಡೆಸಿ ಉದ್ಘಾಟನೆಯೂ ಆಯಿತು. ಯಂತ್ರದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಅದು ಅಳೆದದ್ದು ಸರಿಯಾಗಿಯೇ ಅಳೆಯಿತು.

ಯಾರದ್ದನ್ನು ಅಳೆಯಿತು ಎಂಬುದೇ ಪ್ರಶ್ನೆ. ನೀವು ಕೊಟ್ಟದ್ದು ಒಂಬತ್ತು ಪಟ್ಟಿ. ಇಪ್ಪತ್ತೆರಡು ಜನಕ್ಕೆ ಒಂಬತ್ತು. ಉಳಿದವರ ದಾಖಲೆ ಸರಿ ಇಲ್ಲ ಎಂದಿರಿ. ಅದೇ ಕೇರಿಯ ಮೂರ್ತಪ್ಪನ ತಲೆಯಲ್ಲಿ ಒಂದು ಕಪ್ಪು ಕೂದಲು ಇಲ್ಲ, ಬಾಯಲ್ಲಿ ಹಲ್ಲು ಇಲ್ಲ, ಆದರೆ ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿಗೆ ಹಾಕಿದ ವಯಸ್ಸು ಐವತ್ತೆಂಟು. ಹೀಗಾಗಿ ಅವನು ನಿಮ್ಮ ಲೆಕ್ಕಕ್ಕೆ ತರುಣ. ಇನ್ನು ಆ ಕೇರಿಯ ರೀತಿ ಕೇಳಿ. ಜೇನು ಕಿತ್ತು ತಂದರೆ ಹದಿಮೂರು ಮನೆಗೆ ಹದಿಮೂರು ಪಾಲು, ಕಾಡಿಗೆ ಹೋಗದವರಿಗೂ ಉಂಟು, ಬಾಣಂತಿ ಇರುವ ಮನೆಗೆ ಒಂದು ಹಿಡಿ ಜಾಸ್ತಿ. ಕೇರಿಗೆ ಬಂದದ್ದು ಕೇರಿಯದ್ದು. ನಾನು ಹೊಸದರಲ್ಲಿ ಹದಿನೈದು ದಿನದ ಬಿ.ಪಿ. ಮಾತ್ರೆ ಒಬ್ಬಳ ಕೈಗೆ ಕೊಟ್ಟು ಬಂದರೆ ಮೂರೇ ದಿನಕ್ಕೆ ಖಾಲಿ. ಕೇಳಿದರೆ, ತಲೆ ತಿರುಗುತ್ತೆ ಅಂದವರಿಗೆಲ್ಲ ಒಂದೊಂದು ಕೊಟ್ಟೆ ಕಲ್ಲಕ್ಕಾ, ನಾನೊಬ್ಬಳೇ ಹೆಂಗೆ ನುಂಗಲಿ ಅನ್ನುತ್ತಿದ್ದಳು. ಬಯ್ದು ಬಯ್ದು ಸಾಕಾಗಿ, ಕೊನೆಗೆ ನಾನೇ ವಾರವಾರ ಹೋಗಿ ಯಾರಿಗೆ ಎಷ್ಟೋ ಅಷ್ಟು ಎಣಿಸಿ ಕೊಡುವುದನ್ನು ಕಲಿತೆ. ಅವರನ್ನು ಬದಲಿಸುವುದಕ್ಕಿಂತ ನನ್ನ ಕಾಲು ಸವೆಸುವುದು ಸುಲಭವಾಗಿತ್ತು.

ಇದನ್ನೆಲ್ಲ ಪಟ್ಟಿ ಹಂಚುವ ಮೊದಲೇ ನಿಮ್ಮ ಟೇಬಲ್ಲಿನ ಮುಂದೆ ನಿಂತು ಹೇಳಿದ್ದೆ. ಕೊಟ್ಟರೆ ಇಪ್ಪತ್ತೆರಡು ಕೊಡಿ, ಇಲ್ಲದಿದ್ದರೆ ಕೊಡಲೇಬೇಡಿ, ಒಂಬತ್ತು ಕೊಟ್ಟರೆ ಅವರು ಹಂಚಿಕೊಳ್ಳುತ್ತಾರೆ ಎಂದಿದ್ದೆ. ನೀವು ಫೋನಿನಿಂದ ತಲೆ ಎತ್ತದೆ, "ಅರಿವು ಮೂಡಿಸಿ ಮೇಡಂ" ಎಂದು ನಿಮ್ಮವರ ಜೊತೆ ನನ್ನನ್ನೇ ಕೇರಿಗೆ ಕಳಿಸಿದಿರಿ. ಹಂಚಿಕೊಂಡು ತಿನ್ನುವವರಿಗೆ ಹಂಚಿಕೊಳ್ಳಬೇಡಿ ಎಂಬ ಅರಿವು ಮೂಡಿಸುವುದು ಹೇಗೆ ಸ್ವಾಮಿ? ಆ ಪಾಠ ನಿಮಗೆ ಯಾವ ತರಬೇತಿಯಲ್ಲಿ ಹೇಳಿಕೊಟ್ಟರು?

ನಾನು ಹೇಳಿದಂತೆಯೇ ಆಯಿತು. ಮೂರ್ತಪ್ಪನಿಗೆ ಎರಡು ದಿನದಿಂದ ಎದೆ ಹಿಡಿದುಕೊಂಡಂತೆ ಆಗುತ್ತಿತ್ತು. ಹಾಲಮ್ಮ ತನ್ನ ಕೈಯ ಪಟ್ಟಿ ಬಿಚ್ಚಿ ಅವನಿಗೆ ಕಟ್ಟಿದಳು. ನನಗೇನೂ ಆಗಿಲ್ಲ, ನಿನ್ನನ್ನ ನೋಡ್ಕೊಳ್ಳಲಿ ಅಂದಳಂತೆ. ಮೂರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಒಲೆ ಮುಂದೆ ಕೂತಿದ್ದ ಹಾಲಮ್ಮ ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಯಿತು. ಸೊಸೆ ಗುತ್ಯಮ್ಮ ನಿಮ್ಮ ಕೇಂದ್ರಕ್ಕೆ ಫೋನು ಮಾಡಿದಳು. ಬೇರೆ ಆಂಬ್ಯುಲೆನ್ಸಿಗೆ ಯಾಕೆ ಮಾಡಲಿಲ್ಲ ಎಂದು ಈಗ ಕೇಳುತ್ತೀರಿ. ಏನೇ ಆದರೂ ಮೊದಲು ಈ ನಂಬರಿಗೇ ಮಾಡಿ ಎಂದು ಗೋಡೆಗೆ ಚೀಟಿ ಅಂಟಿಸಿ ಬಂದವರು ನಿಮ್ಮವರೇ ಅಲ್ಲವೇ?

ಫೋನು ಎತ್ತಿದ ಹುಡುಗಿಯನ್ನು ನಾನು ಬಯ್ಯುವುದಿಲ್ಲ. ತನಗೆ ಕಲಿಸಿದ್ದನ್ನು ಅವಳು ಮಾಡಿದಳು. ಪರದೆ ನೋಡಿ, "ಅಜ್ಜಿ ರೀಡಿಂಗ್ ನಾರ್ಮಲ್ ಇದೆಯಲ್ಲಮ್ಮಾ, ಹಸಿರು ತೋರಿಸ್ತಿದೆ" ಎಂದಳು.

"ನಿಮ್ಮ ಹಸಿರು ಯಾರದ್ದೋ ಏನೋ, ನಮ್ಮತ್ತೆ ಬಾಯಿ ಸೊಟ್ಟಗಾಗಿದೆ ನೋಡ್ರೀ" ಎಂದಳು ಗುತ್ಯಮ್ಮ.

ಕಾಯಿರಿ, ಕೆಂಪಾದರೆ ಗಾಡಿ ತಾನಾಗಿಯೇ ಹೊರಡುತ್ತೆ ಎಂಬ ಉತ್ತರ ಬಂತು. ಅವರು ಕಾದರು. ಮೂರು ಸಲ ಫೋನು ಮಾಡಿದರು, ಮೂರು ಸಲವೂ ಹಸಿರು. ಅದು ಮೂರ್ತಪ್ಪನ ನಾಡಿ. ಪುಣ್ಯಾತ್ಮನ ಎದೆ ಅಷ್ಟರಲ್ಲಿ ಸರಿಹೋಗಿತ್ತು. ಹತ್ತೂವರೆಯ ತನಕ ಕಾದು, ಕೊನೆಗೆ ಮೂರ್ತಪ್ಪನೂ ಹಾಲಮ್ಮನ ಮಗ ಸಿದ್ದುವೂ ಅವಳನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಶುಂಠಿ ಮೂಟೆ ತುಂಬಿದ್ದ ಗಾಡಿಯೊಂದನ್ನು ಅಡ್ಡಹಾಕಿ ಶಿವಮೊಗ್ಗದ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಲಕ್ವ ಹೊಡೆದ ನಾಲ್ಕೂವರೆ ತಾಸಿನ ಒಳಗೆ ಬಂದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು ಎಂದರು ಡಾಕ್ಟರು. ಸುದ್ದಿ ತಿಳಿದು ನಾನು ಆಲ್ಕೊಳದಿಂದ ಆಟೋ ಹಿಡಿದು ಹೋದಾಗ ಅವಳು ನನ್ನನ್ನು ನೋಡಿ ಏನೋ ಹೇಳಲು ನೋಡಿದಳು. ಬರೀ ಗಾಳಿ ಬಂತು. ನಾನು ಅಲ್ಲೇ ನಿಂತು ಅತ್ತೆ.

ಮೊದಲ ಮೂರು ತಿಂಗಳು ದಿನವೂ ವ್ಯಾಯಾಮ ಮಾಡಿಸಿದರೆ ಮಾತು, ಕೈ ಎರಡೂ ಎಷ್ಟೋ ಮಟ್ಟಿಗೆ ಬರಬಹುದು, ಆಮೇಲೆ ಕಷ್ಟ ಎಂದು ಅದೇ ಡಾಕ್ಟರು ಹೇಳಿ ಕಳಿಸಿದ್ದಾರೆ. ಅದಕ್ಕೆಂದೇ ನಿಮ್ಮ ಯೋಜನೆಯಲ್ಲಿ ಫಿಜಿಯೋಥೆರಪಿಯವರು ಇದ್ದಾರೆ, ಸಂಬಳವನ್ನೂ ಪಡೆಯುತ್ತಿದ್ದಾರೆ. ಏಳು ವಾರ ಕಳೆಯಿತು. ಬಂದದ್ದು ಅವರಲ್ಲ, ನಿಮ್ಮ ಕಾಗದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಪರದೆಗೆ ಮನುಷ್ಯರ ಮುಖ ಕಾಣದಿದ್ದದ್ದು ತಪ್ಪಲ್ಲ, ಎದೆ ನೋವೆಂದವನಿಗೆ ಹಾಲಮ್ಮ ಪಟ್ಟಿ ಕಟ್ಟಿದ್ದು ತಪ್ಪು. ನಿಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಥರ್ಮಾಮೀಟರನ್ನು ಯಾರ ಹೆಸರಲ್ಲಿ ಕೊಂಡದ್ದು ಎಂದು ರಸೀದಿ ನೋಡಿ ಕೊಡುತ್ತೀರಾ? ಇನ್ನೂ ಒಂದು ಸಾಲು ಹಾಕಿದ್ದೀರಿ, ದುರ್ಬಳಕೆಯನ್ನು ಒಪ್ಪಿಕೊಳ್ಳದಿದ್ದಲ್ಲಿ ಕೇರಿಯ ಉಳಿದ ಎಂಟು ಉಪಕರಣಗಳನ್ನೂ ಹಿಂಪಡೆಯಲಾಗುವುದು ಎಂದು. ಥೂ. ಈ ಸಾಲನ್ನು ಬರೆದವರು ಅಂದು ಊಟ ಮಾಡಿದರಾ ಎಂದು ತಿಳಿಯುವ ಕುತೂಹಲ ನನಗಿದೆ.

ಕೇರಿಯಲ್ಲಿ ಓದು ಬಲ್ಲವರು ಆ ದಿನ ಯಾರೂ ಇರಲಿಲ್ಲ, ಹಾಗಾಗಿ ಕಾಗದವನ್ನು ಓದಿ ಹೇಳುವ ಕರ್ಮ ಅವಳನ್ನು ನೋಡಲು ಹೋಗಿದ್ದ ನನ್ನದಾಯಿತು. ಹಾಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಾತು ಹೋಗಿದೆಯೇ ಹೊರತು ತಿಳಿವಳಿಕೆ ಹೋಗಿಲ್ಲ, ಅದನ್ನು ನಿಮ್ಮ ದಾಖಲೆಯಲ್ಲಿ ಬರೆದುಕೊಳ್ಳಿ. ದುರ್ಬಳಕೆ ಎಂಬ ಮಾತು ಬಂದಾಗ ಅವಳು ಮುಂದೆ ಓದು ಎಂಬಂತೆ ತಲೆಯಾಡಿಸಿದಳು. ಎಂಟು ಪಟ್ಟಿ ವಾಪಸು ತಗೊಳ್ತಾರಂತೆ ಎಂದು ನಾನು ಓದಿದೊಡನೆ ಎಡಗೈ ಚಾಚಿದಳು. ನಿಮ್ಮವರು ಬಿಟ್ಟುಹೋಗಿದ್ದ ಶಾಯಿಯ ಡಬ್ಬಿಯ ಕಡೆಗೆ. ಒತ್ತಿಸು ಎಂದು ನನಗೆ ಕಣ್ಣಿನಲ್ಲೇ ಹೇಳಿದಳು. ತನ್ನಿಂದಾಗಿ ಉಳಿದವರದ್ದು ಹೋಗಬಾರದು, ಅಷ್ಟೇ. ಬೇಡ ಅತ್ತೆ, ಇದಕ್ಕೆ ಒತ್ತಿದರೆ ಅವರು ಮಾಡಿದ್ದನ್ನ ನೀವು ಮಾಡಿದಂಗಾಗುತ್ತೆ ಎಂದು ಗುತ್ಯಮ್ಮ ಕೈ ಹಿಡಿದಳು. ಹಾಲಮ್ಮ ಬಿಡಿಸಿಕೊಂಡಳು. ಆ ಮುದುಕಿಯ ಎಡಗೈಯಲ್ಲಿ ಇನ್ನೂ ಎಷ್ಟು ಬಲ ಇದೆ ಗೊತ್ತೇ ನಿಮಗೆ? ಆ ಕಾಗದವನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಎರಡೂ ಕೈ ಬೇಕಾಯಿತು.

ಕಾಗದ ಈಗ ನನ್ನ ಮನೆಯಲ್ಲಿದೆ, ಚೌಕ ಖಾಲಿಯಾಗಿಯೇ ಇದೆ. ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ನಾಳೆಯೇ ವ್ಯಾಯಾಮ ಮಾಡಿಸುವವರನ್ನು ಕಳಿಸಿ, ಉಳಿದಿರುವುದು ಐದೇ ವಾರ. ಹದಿಮೂರು ಮನೆಗೂ ವಾರವಾರ ನಡೆದುಹೋಗುವ ಒಬ್ಬಳು ಸಹಾಯಕಿಯನ್ನು ನೇಮಿಸಿ, ಆಮೇಲೆ ಬೇಕಾದರೆ ಇಪ್ಪತ್ತೆರಡು ಪಟ್ಟಿ ಕಟ್ಟಿ. ಇಷ್ಟಾದ ಮೇಲೂ ಆ ಹೆಬ್ಬೆಟ್ಟು ಬೇಕೇಬೇಕೆಂದಾದರೆ ಬಸ್ಸು ಹತ್ತಿ, ಮುಕ್ಕಾಲು ಗಂಟೆ ನಡೆದು ಕೇರಿಗೆ ನೀವೇ ಬನ್ನಿ. ಹಾಲಮ್ಮನ ಎದುರಿಗೆ ಕೂತು ನಿಮ್ಮ ಬಾಯಿಂದಲೇ ಅದನ್ನು ಓದಿ ಹೇಳಿ. ಅವಳು ಒತ್ತುತ್ತಾಳೆ, ನನಗೆ ಗೊತ್ತು. ಒತ್ತಿಸಿಕೊಳ್ಳುವುದಕ್ಕೆ ನಿಮ್ಮ ಕೈ ಮುಂದೆ ಬರುತ್ತದೆಯೋ ಇಲ್ಲವೋ, ನಾನು ಅಲ್ಲೇ ಕೂತು ನೋಡುತ್ತೇನೆ.

ಇಂತಿ,
"ಇದು ಕೈಯಲ್ಲಿದ್ರೆ ನಾನು ಪಕ್ಕದಲ್ಲಿದ್ದಂಗೆ" ಎಂದು ನಿಮ್ಮ ಮಾತು ನಂಬಿ ಹೇಳಿ, ಹಾಲಮ್ಮನ ಮಣಿಕಟ್ಟಿಗೆ ಆ ಪಟ್ಟಿಯನ್ನು ತನ್ನ ಕೈಯಾರೆ ಕಟ್ಟಿದ
ಕಲ್ಲಮ್ಮ
ನಿವೃತ್ತ ಆರೋಗ್ಯ ಸಹಾಯಕಿ, ಆಲ್ಕೊಳ, ಶಿವಮೊಗ್ಗ