ನಾಲ್ಕೋ ಒಂಬತ್ತೋ

ವೆಸ್ಟರ್‌ಶೇರ್ ದ್ವೀಪ
ಬುಧವಾರ, 24 ಅಕ್ಟೋಬರ್ 1979

ಪ್ರೀತಿಯ ಹೋಲ್ಗರ್,

ಹೇಗಿದ್ದೀಯಪ್ಪಾ? ಹಬೆ ತಾಗಿ ಸುಟ್ಟ ಕೈ ವಾಸಿಯಾಯಿತೇ, ಇಲ್ಲ ಎಂದಿನಂತೆ ಚಿಂದಿ ಬಟ್ಟೆ ಸುತ್ತಿಕೊಂಡು ಎಂಜಿನ್ ಕೋಣೆಯಲ್ಲಿ ಓಡಾಡುತ್ತಿದ್ದೀಯೋ? ನಿಮ್ಮ ಹಡಗಿನ ಅಡುಗೆಯವನು ಈಗಲಾದರೂ ಆಲೂಗಡ್ಡೆಯನ್ನು ಉಪ್ಪು ಹಾಕಿ ಬೇಯಿಸಲು ಕಲಿತನೇ? ಇಲ್ಲಿ ನಾವೆಲ್ಲ ಇದ್ದೇವೆ. ನನ್ನ ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಗುನ್ವೋರ್ ಚೆನ್ನಾಗಿದ್ದಾಳೆ, ನನಗೆ ಇಂಥ ಸೊಸೆ ಸಿಕ್ಕಿದ್ದು ನಿನ್ನ ಪುಣ್ಯವಲ್ಲ, ನನ್ನದು. ಆಲೂಗಡ್ಡೆಯನ್ನೆಲ್ಲ ಅವಳೊಬ್ಬಳೇ ಅಗೆದು ನೆಲಮಾಳಿಗೆಗೆ ಇಳಿಸಿದಳು. ನಿನ್ನ ಮಗಳು ಓಸಾಳ ಮುಂದಿನ ಹಲ್ಲು ಎರಡೂ ಬಿದ್ದಿವೆ. ರೈ ರೊಟ್ಟಿ ಕಚ್ಚಲಾಗದೆ ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಾಳೆ, ಥೇಟ್ ನಿನ್ನ ಅಜ್ಜನ ಹಾಗೆ.

ನೀನು ಆಂಟ್‌ವರ್ಪ್‌ನಿಂದ ನಾಲ್ಕನೆಯ ತಾರೀಖು ಬರೆದ ಕಾಗದ ಚುನಾವಣೆಗೆ ಒಂದು ವಾರ ಮೊದಲೇ ತಲುಪಿತು. ಹಡಗಿನಲ್ಲೇ ಮತ ಹಾಕಿದೆ, ಲಕೋಟೆ ಅಂಚೆಗೆ ಬಿತ್ತು ಎಂದು ಬರೆದಿದ್ದೆ. "ಅಮ್ಮಾ, ಒಂಬತ್ತಕ್ಕೇ ಹಾಕಿದೀನಿ, ನೀನು ನಿಶ್ಚಿಂತೆಯಾಗಿರು" ಎಂಬ ಸಾಲನ್ನು ಓಸಾಳಿಗೆ ಎರಡು ಸಲ ಓದಿ ಹೇಳಿದೆ. ಅವಳಿಗೆ ಆ ಒಂದು ಸಾಲೇ ಸಾಕಾಯಿತು. ದೋಣಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಕೊನೆಗೆ ಇಗರ್ಜಿಯ ಬಾಗಿಲಲ್ಲೂ ನಿಂತು "ನಮ್ಮಪ್ಪ ಒಂಬತ್ತಕ್ಕೆ ಹಾಕಿದಾರೆ, ನಮ್ಮ ಸ್ಕೂಲು ಮುಚ್ಚಲ್ಲ" ಎಂದು ಸಾರಿಕೊಂಡು ಬಂದಳು. ಮುಂದಿನ ಆಗಸ್ಟಿನಲ್ಲಿ ಕೂರುವ ಜಾಗವನ್ನೂ ಆರಿಸಿಟ್ಟಿದ್ದಾಳೆ: ಕಿಟಕಿಯ ಪಕ್ಕ, ನೀನು ಚಾಕುವಿನಿಂದ ದೋಣಿ ಕೆತ್ತಿ ಒದೆ ತಿಂದೆಯಲ್ಲ, ಅದೇ ಮೇಜು.

ಅವಳು ಅಲ್ಲಿ ಕೂರುವುದಿಲ್ಲ, ಹೋಲ್ಗರ್. ನಾವು ಸೋತೆವು.

ನೀನು ಹೊರಟ ಮೇಲೆ ಏನೇನಾಯಿತೆಂದು ಹೇಳಿಬಿಡುತ್ತೇನೆ. ಪಂಚಾಯಿತಿಯ ಏಳು ಸ್ಥಾನದಲ್ಲಿ ಆರು ಯಾರಿಗೆಂದು ಬೇಸಿಗೆಯಲ್ಲೇ ಎಲ್ಲರಿಗೂ ಗೊತ್ತಿತ್ತು. ಶಾಲೆ ಉಳಿಯಲಿ ಎನ್ನುವವರು ಮೂವರು, ಮುಚ್ಚಿ ಆ ದುಡ್ಡಿನಲ್ಲಿ ಆಳದ ಹಡಗುಕಟ್ಟೆ ಕಟ್ಟೋಣ ಎನ್ನುವವರು ಮೂವರು. ಏಳನೆಯ ಕುರ್ಚಿಗೆ ನಮ್ಮ ಡಾಗ್ನಿ, ಒಂಬತ್ತನೆಯ ನಂಬರು. ಅಂಗಡಿಯ ಎವಾಲ್ಡ್, ನಾಲ್ಕನೆಯ ನಂಬರು. ಡಾಗ್ನಿ ಗೆದ್ದರೆ ಆರು ಮಕ್ಕಳ ಶಾಲೆ ಉಳಿಯುತ್ತದೆ. ಎವಾಲ್ಡ್ ಗೆದ್ದರೆ ಏಳು ವರ್ಷದ ಕೂಸುಗಳು ಸೋಮವಾರ ಬೆಳಿಗ್ಗೆ ದೋಣಿ ಹತ್ತಿ ಮುಖ್ಯ ದ್ವೀಪಕ್ಕೆ ಹೋಗಿ, ಶುಕ್ರವಾರದವರೆಗೆ ಯಾರದೋ ಮನೆಯಲ್ಲಿ, ಯಾರದೋ ಹಾಸಿಗೆಯಲ್ಲಿ ಮಲಗಬೇಕು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಎವಾಲ್ಡ್ ನನ್ನ ಮುಖಕ್ಕೇ ಹೇಳಿದ್ದ: "ಟೀಚರಮ್ಮ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಆರು ಮಕ್ಕಳಿಗೆ ಒಂದು ಸ್ಕೂಲು ಅಂದ್ರೆ ಆರು ಮೀನಿಗೆ ಒಂದು ಹಡಗು ಇಟ್ಟಂಗಾಯ್ತು." ಎದುರಿಗೆ ನಿಂತು ಹೇಳುವವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವತ್ತು ಅವನ ಅಂಗಡಿಯಲ್ಲೇ ಸಕ್ಕರೆ ಕೊಂಡು ಮನೆಗೆ ಬಂದೆ.

ಮತ ಎಣಿಸುವ ಐವರಲ್ಲಿ ನಾನೂ ಒಬ್ಬಳು ಎಂಬುದು ನಿನಗೆ ಗೊತ್ತೇ ಇದೆ. ಮೂವತ್ತು ವರ್ಷದಿಂದ ಕೂರುತ್ತಿದ್ದೇನೆ. ಆದರೆ ಒಂದು ಮಾತನ್ನು ನಾನು ನಿನ್ನ ಅಪ್ಪನಿಗೂ ಹೇಳಿದವಳಲ್ಲ, ಈಗ ನಿನಗೆ ಹೇಳುತ್ತೇನೆ. ಮತಚೀಟಿಯಲ್ಲಿ ಹೆಸರಿಲ್ಲ, ಬರೀ ಒಂದು ಅಂಕಿ, ಅದೂ ಕೈಯಲ್ಲಿ ಬರೆದದ್ದು. ಈ ದ್ವೀಪದಲ್ಲಿ ಐವತ್ತು ದಾಟದ ಯಾರೇ ಆಗಲಿ, ಅವರಿಗೆ ಅಂಕಿ ತಿದ್ದಿಸಿದವಳು ನಾನು. ಒಬ್ಬೊಬ್ಬರ ಎರಡು, ಒಬ್ಬೊಬ್ಬರ ಏಳು ನನಗೆ ಅವರವರ ನಡಿಗೆಯಷ್ಟೇ ಗುರುತು. ಉಳಿದ ನಾಲ್ವರಿಗೆ ಅದು ಚೀಟಿ, ನನಗೆ ಮುಖ. ಮತಗಟ್ಟೆಯ ಬಾಗಿಲಲ್ಲಿ ಚುನಾವಣೆಗೆ ನಿಂತ ತಮ್ಮನನ್ನು ಅಪ್ಪಿಕೊಂಡು ಒಳಗೆ ಹೋಗಿ ಬೇರೆಯವನಿಗೆ ಹಾಕಿದ ಅಣ್ಣನನ್ನು ಕಂಡಿದ್ದೇನೆ. ಗಂಡನಿಗೆ ಹೆದರಿ ಎಲ್ಲೆಲ್ಲೂ ಹೂಂಗುಟ್ಟಿ, ಆ ಮರೆಯಲ್ಲಿ ಮಾತ್ರ ತನ್ನಿಷ್ಟದಂತೆ ಬರೆದ ಹೆಂಗಸನ್ನು ಕಂಡು ಒಳಗೊಳಗೇ ಶಭಾಷ್ ಎಂದಿದ್ದೇನೆ. ಯಾವತ್ತೂ ಬಾಯಿ ಬಿಟ್ಟಿಲ್ಲ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟು ಕೂತವಳು ನಾನು. ಆ ಮಾತಿನ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಭಾನುವಾರ ಎಣಿಕೆ ನಡೆದದ್ದು ಶಾಲೆಯಲ್ಲೇ. ಬೇರೆಲ್ಲಿ ಜಾಗವಿದೆ? ಒಲೆಗೆ ಬರ್ಚ್ ಸೌದೆ ಒಟ್ಟಿ ಕೋಣೆ ಬೆಚ್ಚಗೆ ಮಾಡಿದವಳೂ ನಾನೇ. ಐದು ಜನ ದೊಡ್ಡವರು ಮಕ್ಕಳ ಮೇಜಿನಲ್ಲಿ ಮೊಣಕಾಲು ಮಡಚಿ ಕೂತೆವು. ಊರಿನ ಪೆಟ್ಟಿಗೆಯ ಚೀಟಿ, ಹಡಗುಗಳಿಂದ ಬಂದ ಲಕೋಟೆಯ ಚೀಟಿ ಎಲ್ಲವನ್ನೂ ಬೆರೆಸಿ ಕೊನ್ರಾಡ್ ಒಂದೊಂದಾಗಿ ಎತ್ತಿ ಓದಿದ. ಹಡಗಿಗೆ ದಾರಿ ತೋರಿಸುವ ಆ ಮನುಷ್ಯ ಕನ್ನಡಕ ಹಾಕಿಕೊಂಡರೆ ಪಾದ್ರಿಗಿಂತ ಗಂಭೀರ. ಡಾಗ್ನಿಗೆ ಹದಿನಾಲ್ಕು. ಎವಾಲ್ಡನಿಗೆ ಹದಿನಾಲ್ಕು. ಮೇಜಿನ ಮೇಲೆ ಉಳಿದದ್ದು ಒಂದೇ ಚೀಟಿ.

ಕೊನ್ರಾಡ್ ಅದನ್ನು ಬಿಡಿಸಿದ, ದೀಪಕ್ಕೆ ಹಿಡಿದ, ದೂರ ಇಟ್ಟು ನೋಡಿದ, ಪಕ್ಕದವನಿಗೆ ಕೊಟ್ಟ. ಒಬ್ಬ ನಾಲ್ಕು ಎಂದ, ಇನ್ನೊಬ್ಬ ಒಂಬತ್ತು ಎಂದ. ಮೂರನೆಯವನು "ಗೊತ್ತಾಗಲ್ಲಪ್ಪ, ತಿರಸ್ಕಾರ ಮಾಡಿ, ಇಬ್ಬರ ಹೆಸರು ಬರೆದು ಚೀಟಿ ಎತ್ತೋಣ" ಎಂದ. ಆಮೇಲೆ ಕೊನ್ರಾಡ್ ಅದನ್ನು ನನ್ನ ಮುಂದೆ ಇಟ್ಟು, "ಟೋರ್‌ಬೊರ್ಗ್ ಟೀಚರ್, ಇಡೀ ಊರಿಗೆ ಅಂಕಿ ಕಲಿಸಿದೋರು ನೀವು. ನೀವೇ ಹೇಳ್ಬಿಡಿ. ನಾಲ್ಕೋ, ಒಂಬತ್ತೋ? ನೀವು ಏನಂದ್ರೆ ಅದೇ ಬರ್ಕೊತೀನಿ" ಎಂದ.

ಅದು ನಾಲ್ಕು. ತಲೆ ಮುಚ್ಚಿದ ನಾಲ್ಕು, ಬಾಲವನ್ನು ತುಸು ಎಡಕ್ಕೆ ಒದ್ದ ನಾಲ್ಕು. ಗೊತ್ತಿಲ್ಲದವರಿಗೆ ಒಂಬತ್ತರಂತೆ ಕಂಡರೆ ಆಶ್ಚರ್ಯವಿಲ್ಲ. ನನಗೆ ಒಂದು ಚಣವೂ ಬೇಕಾಗಲಿಲ್ಲ. ಅದು ಯಾರ ಕೈ ಎಂದೂ ತಿಳಿಯಿತು. ಆ ಕೈ ನಮ್ಮ ಕಡೆಯದು ಎಂದು ನಾನು ಬೆರಳು ಮಡಚಿ ಲೆಕ್ಕ ಹಾಕಿಟ್ಟಿದ್ದೆ. ನಾಲ್ಕು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಒಂಬತ್ತು ಎಂದಿದ್ದರೆ ಮುಗಿದಿತ್ತು, ಶಾಲೆ ಉಳಿಯುತ್ತಿತ್ತು. ತಿಳಿಯದು ಎಂದಿದ್ದರೂ ಚೀಟಿ ಎತ್ತುವಾಗ ನಮಗೆ ಅರ್ಧ ಆಸೆ ಇರುತ್ತಿತ್ತು. ಕಪ್ಪುಹಲಗೆಯ ಮೇಲೆ ಹೊಸ ಟೀಚರು ಬರೆದಿಟ್ಟ ಶುಕ್ರವಾರದ ಲೆಕ್ಕ ಇನ್ನೂ ಹಾಗೇ ಇತ್ತು, ಅದನ್ನೇ ನೋಡಿದೆ. ಮೂವತ್ತೆಂಟು ವರ್ಷ ಅದೇ ಹಲಗೆಯ ಮುಂದೆ ನಿಂತು, ತಪ್ಪನ್ನು ಸರಿ ಎಂದರೆ ಮಕ್ಕಳ ಕಿವಿ ಹಿಂಡಿದವಳು ನಾನು.

"ನಾಲ್ಕು" ಎಂದೆ. ಕೊನ್ರಾಡ್ ಬರೆದುಕೊಂಡ.

ಆಮೇಲಿನದು ಕೇಳಬೇಡ. ಹೊರಗೆ ಕಾಯುತ್ತಿದ್ದ ಡಾಗ್ನಿಗೆ ಸುದ್ದಿ ಮುಟ್ಟಿತು, ಯಾರ ಬಾಯಿಂದ ಬಂತು ಎಂಬುದೂ ಮುಟ್ಟಿತು. ನಲವತ್ತು ವರ್ಷ ನನ್ನ ಜೊತೆ ಬಲೆ ಬಿಡಿಸಿದವಳು, ನಿನಗೆ ಕೆಮ್ಮು ಬಂದಾಗ ಮೂರು ದಿನ ನಮ್ಮ ಮನೆಯಲ್ಲೇ ಇದ್ದವಳು. "ಬೇರೆ ಯಾರ ಬಾಯಲ್ಲಾದ್ರೂ ಬಂದಿದ್ರೆ ತಡ್ಕೋತಿದ್ದೆ. ಸ್ಕೂಲಿಗೆ ಬೀಗ ಹಾಕೋಕೆ ನೀನೇ ಬೇಕಾಗಿತ್ತಾ, ಟೋರ್‌ಬೊರ್ಗ್?" ಎಂದಳು. ಅಂದಿನಿಂದ ಮಾತಿಲ್ಲ. ನಿನ್ನೆ ನಮ್ಮ ಬೇಲಿಯ ಮೇಲೆ ನನ್ನಿಂದ ಎರವು ಒಯ್ದಿದ್ದ ಪಾತ್ರೆಯನ್ನು ತೊಳೆದು ಬೋರಲು ಹಾಕಿ ಹೋಗಿದ್ದಳು. ಅವಳಿಗೆ ನಾನು ಏನೆಂದು ಹೇಳಲಿ? ಆ ಕೈ ಯಾರದೆಂದು ಹೇಳಿದರೆ ಕೊಟ್ಟ ಮಾತು ಮುರಿದಂತೆ, ಹೇಳದಿದ್ದರೆ ಗೆಳತಿಯನ್ನು ಕಳೆದುಕೊಂಡಂತೆ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ನಿನ್ನೆ ಸೀಮೆಎಣ್ಣೆಗೆಂದು ಅಂಗಡಿಗೆ ಹೋದೆ. ಎವಾಲ್ಡ್ ಕೌಂಟರು ದಾಟಿ ಬಂದು ನನ್ನ ಕೈ ಹಿಡಿದುಕೊಂಡ. ನನ್ನನ್ನು ಸಂತೋಷಪಡಿಸಲು ಆ ಪಾಪದವನು ಪಡುವ ಪಾಡು ನೋಡಬೇಕಿತ್ತು. "ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ಕಟ್ಟೆ ಆಯ್ತು ಅಂದ್ರೆ ಚಳಿಗಾಲದಲ್ಲೂ ಜನ ಸಾಗಿಸೋ ದೊಡ್ಡ ಫೆರ್ರಿ ಬರುತ್ತೆ. ಅದರ ಎಂಜಿನ್ ನೋಡ್ಕೊಳ್ಳೋ ಕೆಲಸ ನಮ್ಮ ಹೋಲ್ಗರ್‌ಗೇ ಅಂತ ಹೇಳಿಸಿಟ್ಟಿದೀನಿ. ಮಗ ದಿನಾ ಸಂಜೆ ಮನೇಲಿರ್ತಾನೆ. ಬೇಸಿಗೇಲೇ ನಾವಿಬ್ರೂ ಮಾತಾಡ್ಕೊಂಡಿದ್ವಲ್ಲ, ಅವ್ನು ನಿಮಗೆ ಹೇಳ್ಲಿಲ್ವಾ?" ಎಂದ. ಹೇಳಿದ್ದಾನೆ ಎಂದೆ. ನನ್ನ ಜನ್ಮದಲ್ಲಿ ಎವಾಲ್ಡನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಸೀಮೆಎಣ್ಣೆಯ ಡಬ್ಬಿಯನ್ನು ಅಲ್ಲೇ ಮರೆತು ಬಂದೆ.

ದಾರಿಯುದ್ದಕ್ಕೂ ಬೇಸಿಗೆಯನ್ನು ನೆನೆದೆ. ಜುಲೈನಲ್ಲಿ ನೀನು ರಜೆಗೆ ಬಂದಾಗ ಡಾಗ್ನಿಯ ಅಡುಗೆಮನೆಯಲ್ಲಿ ಕೂತು, ಅವಳ ಪ್ಯಾನ್‌ಕೇಕ್ ತಿಂದು, ಅವಳ ಚುನಾವಣೆಯ ಕಾಗದಕ್ಕೆ ಅಂಚೆಚೀಟಿ ಅಂಟಿಸಿಕೊಟ್ಟೆಯಲ್ಲ. "ಡಾಗ್ನಿ ಅತ್ತೆ, ನೀವು ಗೆದ್ದಂಗೇ" ಎಂದು ಅವಳ ಬೆನ್ನು ತಟ್ಟಿದೆಯಲ್ಲ. ಅವಳು ಈಗಲೂ ಆ ಮಾತನ್ನು ಹೇಳಿಕೊಳ್ಳುತ್ತಾಳಂತೆ, ಗುನ್ವೋರ್ ಹೇಳಿದಳು. ಊರೆಲ್ಲ ಈಗ ಕೈಕೊಟ್ಟವನನ್ನು ಹುಡುಕುತ್ತಿದೆ. ಇಬ್ಬರು ಮೂವರ ಮೇಲೆ ಅನುಮಾನ, ಅವರಲ್ಲಿ ಒಬ್ಬರೂ ಅಲ್ಲ ಎಂದು ಬಲ್ಲವಳು ನಾನೊಬ್ಬಳೇ. ಓಸಾ ಅಂತೂ ಆರಿಸಿಟ್ಟ ಮೇಜಿನ ಹತ್ತಿರ ಹೋಗಿ ಬಂದು, "ಅಜ್ಜೀ, ಆ ಕೆಟ್ಟೋರು ಯಾರು ಅಂತ ಗೊತ್ತಾದ್ರೆ ನಮ್ಮಪ್ಪ ಬಂದು ಬೈತಾರೆ ಅಲ್ವಾ?" ಎಂದು ಕೇಳಿದಳು. ನಾನು ಒಲೆಗೆ ಸೌದೆ ಹಾಕುವ ನೆಪದಲ್ಲಿ ಎದ್ದೆ.

ಇಷ್ಟು ಬರೆಯುವಷ್ಟರಲ್ಲಿ ಅಂಚೆದೋಣಿಯ ಹೊತ್ತಾಯಿತು. ಉಣ್ಣೆಯ ಕಾಲುಚೀಲ ಎರಡು ಜೊತೆ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ, ಒಂದರ ಹಿಮ್ಮಡಿ ಗುನ್ವೋರ್ ಹೆಣೆದದ್ದು, ಅದೇ ಚೆನ್ನಾಗಿರುವುದು. ಕೈಗೆ ಮುಲಾಮು ಹಚ್ಚುವುದನ್ನು ಬಿಡಬೇಡ. ನಿನ್ನ ಎಂಜಿನ್ ಬಿಸಿಯಾಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ಎಲ್ಲೇ ಇದ್ದರೂ ಈ ಮುದುಕಿಯ ಹಾರೈಕೆ ನಿನ್ನ ಜೊತೆಗಿದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ.

ನಿನ್ನ
ಅಮ್ಮ

ಮರೆತ ಮಾತು: ದೋಣಿ ಕೂಗಿತು, ಬೇಗ ಬರೆಯುತ್ತೇನೆ. ಯಾರ ಚೀಟಿಯೆಂದು ಬೇರೆಯವರಿಗೆ ಹೇಳಬಾರದು ಎಂದು ನಾನು ಮಾತು ಕೊಟ್ಟಿದ್ದೇನೆ. ಬರೆದವನಿಗೇ ಹೇಳಬಾರದೆಂದು ಯಾರೂ ಮಾತು ತೆಗೆದುಕೊಂಡಿಲ್ಲ. ಏಳು ವರ್ಷದವನಿದ್ದಾಗ ಒಬ್ಬ ಹುಡುಗನಿಗೆ ನಾಲ್ಕರ ತಲೆ ಮುಚ್ಚಬೇಡ ಎಂದು ನೂರು ಸಲ ತಿದ್ದಿಸಿದೆ. "ಮೇಲೆ ತೆರೆದಿಟ್ರೆ ಒಳಗೆ ಮಳೆ ಬೀಳಲ್ವಾ ಅಮ್ಮಾ?" ಎಂದು ಅತ್ತ. ಆಮೇಲೆ ನಾನೇ ಸೋತು ಬಿಟ್ಟುಬಿಟ್ಟೆ. ಆಂಟ್‌ವರ್ಪ್‌ನ ಕಾಗದದ ತಾರೀಖಿನಲ್ಲೂ ಅದೇ ಛಾವಣಿ, ಅದೇ ಎಡಕ್ಕೆ ಒದ್ದ ಬಾಲ. ಎವಾಲ್ಡನಿಗೆ ಮತ ಹಾಕಿದ್ದು ನಿನ್ನ ಹಕ್ಕು. ಮನೆಗೆ ಬರುವ ಆಸೆಯಿಂದ ಹಾಕಿದೆ ಎಂದೂ ನನಗೆ ಅರ್ಥವಾಗುತ್ತದೆ, ಬೇಸಿಗೆಯಲ್ಲೇ ನನಗೆ ಹೇಳಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ಆದರೆ ಒಂಬತ್ತು ಎಂದು ನನಗೆ ಬರೆದೆಯಲ್ಲ ಹೋಲ್ಗರ್, ಅದನ್ನು ನಾನು ಮಗುವಿಗೆ ಎರಡು ಸಲ ಓದಿ ಹೇಳಿದೆನಲ್ಲ. ಬಾ, ಆ ಕೆಲಸ ತೆಗೆದುಕೋ, ಮೊದಲ ಸೋಮವಾರ ಓಸಾಳನ್ನು ನೀನೇ ಕೈಹಿಡಿದು ದೋಣಿ ಹತ್ತಿಸಿಕೊಂಡು ಹೋಗು. ಆದರೆ ಅದಕ್ಕೆ ಮೊದಲು ಅವಳನ್ನೂ ಡಾಗ್ನಿಯನ್ನೂ ಎದುರಿಗೆ ಕೂರಿಸಿಕೊಂಡು ಹೇಳು. ನಾನು ಹೇಳುವುದಿಲ್ಲ. ನಾಲ್ಕನ್ನು ನಾಲ್ಕು ಎನ್ನುವ ನನ್ನ ಸರದಿ ಭಾನುವಾರ ಮುಗಿಯಿತು, ಇನ್ನು ನಿನ್ನದು.